ದಿನಕ್ಕೊಂದು ದೊಡ್ಡ ಪದ

"ಏನ್ ತೇಜೂ, ಇವತ್ತು ನಿಮ್ಮಪ್ಪ ಹೆಂಗಿದಾರೆ? ಇನ್ನೂ ಇನ್‌ಸ್ಕ್ರೂಟಬಲ್ಲಾ?"

ಆಫೀಸಿನ ಊಟದ ಮೇಜಿನ ಆ ತುದಿಯಿಂದ ರಯಾನ್ ಕೇಳಿದ. ಸುತ್ತ ಕೂತವರು ಕಿಸಕ್ಕನೆ ನಕ್ಕರು. ತೇಜಶ್ರೀಯ ತುತ್ತು ಕೈಯಲ್ಲೇ ಉಳಿಯಿತು. ಮನಸ್ಸಲ್ಲೇನಿದೆಯೆಂದು ಮುಖದಲ್ಲಿ ಬಿಟ್ಟುಕೊಡದವರು ಎಂದು ಆ ಪದದ ಅರ್ಥ. ಅಪ್ಪನಿಗೆ ಅದನ್ನು ಹಚ್ಚಿ ಅವಳು ಹೇಳಿದ್ದು ಒಬ್ಬಳಿಗೆ ಮಾತ್ರ.

ಇಂದಿರಾನಗರದ ಆ ಕಸ್ಟಮರ್ ಕೇರ್ ಆಫೀಸಿನಲ್ಲಿ, ತೇಜಶ್ರೀ ಇದ್ದ ಚಾಟ್ ವಿಭಾಗದವರಿಗೆ ಬೆರಳು ಓಡಿದರೆ ಸಾಕು. ಕರೆ ವಿಭಾಗಕ್ಕೆ ಹೋಗಬೇಕೆಂದರೆ ಇಂಗ್ಲಿಷಿನಲ್ಲಿ ಬಾಯಿ ಬಿಡಬೇಕು. ಕನ್ನಡದಲ್ಲೇ ನಾಲ್ಕು ಮಾತಾಡಲು ಹಿಂಜರಿಯುವ ತೇಜಶ್ರೀಗೆ ದಾರಿ ತೋರಿಸಿದವಳು ಪಕ್ಕದ ಕುರ್ಚಿಯ ಆಶ್ರಿತಾ. "ದಿನಕ್ಕೊಂದು ದೊಡ್ಡ ಪದ ಕಲಿ. ಡಿಕ್ಷನರಿ ಉದಾಹರಣೆ ಬೇಡ ಕಣೇ, ನಿನ್ ಮನೆ ವಿಷ್ಯಕ್ಕೇ ಹಚ್ಚಿ ವಾಯ್ಸ್ ಮೆಸೇಜ್ ಕಳ್ಸು. ಆಗ ಮರೆಯಲ್ಲ. ನಾನ್ ತಿದ್ತೀನಿ."

ಬೆಳಿಗ್ಗೆ ಕೆ.ಆರ್. ಪುರದ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಮರೆಗೆ ನಿಂತು ಅವಳು ಮಾತಾಡುತ್ತಿದ್ದಳು. ಮೊದಮೊದಲು ಸೊಪ್ಪಿನ ಶೇಷಮ್ಮನ ಚೌಕಾಸಿ, ಅಮ್ಮನ ಸಾರು. ಬರಬರುತ್ತಾ, ಅಕ್ಕ ಗಂಡನನ್ನು ಬಿಟ್ಟು ಬಂದದ್ದು, ಅಂದಿನಿಂದ ಅಪ್ಪ ಮನೆಯಲ್ಲಿ ಯಾರೊಂದಿಗೂ ಮಾತಾಡದೆ ಉಣ್ಣುವುದು. ಕನ್ನಡದಲ್ಲಿ ಗಂಟಲು ದಾಟದ್ದು ಇಂಗ್ಲಿಷಿನಲ್ಲಿ, ಯಾರದೋ ಮನೆಯ ಕತೆಯಂತೆ, ಸಲೀಸಾಗಿ ಹೊರಬರುತ್ತಿತ್ತು.

ಕೈತೊಳೆಯುವಲ್ಲಿ ಅವಳು ಆಶ್ರಿತಾಳನ್ನು ತಡೆದಳು. "ನನ್ ಮೆಸೇಜ್ ಆಫೀಸ್ ಗ್ರೂಪಲ್ಲಿ ಹಾಕಿದ್ಯಾ?"

"ಅಯ್ಯೋ, ತುಂಬಾ ಕ್ಯೂಟಾಗಿತ್ತು ಕಣೇ, ಅದಕ್ಕೆ. ಎಲ್ರಿಗೂ ಇಷ್ಟ ಆಯ್ತು."

"ಅಕ್ಕಂದೂ?"

ಆಶ್ರಿತಾ ನಲ್ಲಿ ತಿರುಗಿಸಿದಳು. "ಈಗ ಕಾಲ್ಸ್ ಟೀಮಿಗೆ ನಿನ್ ಇಂಟರ್‌ವ್ಯೂ ಅಲ್ವಾ? ಸುಮ್ನೆ ಮೂಡ್ ಹಾಳ್ಮಾಡ್ಕೋಬೇಡ. ಎಷ್ಟ್ ಚೆನ್ನಾಗ್ ಮಾತಾಡ್ತೀಯ ಗೊತ್ತಾ ಈಗ?"

ಸುಳ್ಳಲ್ಲ. ಗಾಜಿನ ಕೋಣೆಯಲ್ಲಿ ಮ್ಯಾನೇಜರ್ ಕೋಕಿಲಾ ಮೇಡಂ, ನಿನ್ನ ಮನೆಯವರ ಬಗ್ಗೆ ಹೇಳು ಎಂದು ಇಂಗ್ಲಿಷಿನಲ್ಲಿ ಕೇಳಿದಾಗ, ಕಲಿತ ಪದಗಳೆಲ್ಲ ಒಂದರ ಹಿಂದೊಂದು ನಾಲಿಗೆಯ ಮೇಲೆ ಬಂದು ನಿಂತವು. ತೇಜಶ್ರೀಯ ಕಣ್ಣು ಮೇಜಿನ ಮೇಲಿದ್ದ ಮೇಡಮ್ಮಿನ ಮೊಬೈಲಿನತ್ತ ಹೋಯಿತು. ಆ ಗ್ರೂಪಿನಲ್ಲಿ ಮೇಡಮ್ಮೂ ಇದ್ದರು.

"ಫೈನ್, ಮೇಡಂ," ಎಂದಳು. "ಎವ್ರಿಬಡಿ ಈಸ್ ಫೈನ್."

"ಅಷ್ಟೇನಾ? ಹೇಳಮ್ಮಾ, ಇನ್ನೂ ಸ್ವಲ್ಪ."

ಗಾಜಿನಾಚೆ ಆಶ್ರಿತಾ ಎರಡೂ ಹೆಬ್ಬೆರಳೆತ್ತಿ ಹುರಿದುಂಬಿಸುತ್ತಿದ್ದಳು. "ದಟ್ಸ್ ಆಲ್, ಮೇಡಂ," ಎಂದಳು ತೇಜಶ್ರೀ. ಮೇಡಂ ಮೆಲ್ಲನೆ ಪೆನ್ನಿನ ಮುಚ್ಚಳ ಹಾಕಿದರು.