ಬಸ್ಸಿನ ಬೀಗರು, ಟ್ರಾಮಿನ ಬೀಗರು

ಎರಡು ಊರುಗಳೂ ಬೆಳೆದು ಬೆಳೆದು ಒಂದಕ್ಕೊಂದು ಅಂಟಿಕೊಂಡು ಬಹಳ ಕಾಲವಾಗಿತ್ತು. ನಡುವೆ ಉಳಿದದ್ದು ಒಂದು ಸೇತುವೆ. ಮೇಲಿನ ಊರಿನ ಬಸ್ಸು ಸೇತುವೆ ದಾಟಿ ಬಂದು ಜನರನ್ನು ಇಳಿಸುತ್ತಿತ್ತು. ಕೆಳಗಿನ ಊರಿನ ಟ್ರಾಮು ಅಲ್ಲಿಂದಲೇ ಹೊರಡುತ್ತಿತ್ತು. ಬಸ್ಸು ಬಂದು ನಿಲ್ಲುವ ಹೊತ್ತಿಗೆ ಟ್ರಾಮು ಹೊರಟಿರುತ್ತಿತ್ತು. ದೂರವೇನೂ ಹೋಗಿರುತ್ತಿರಲಿಲ್ಲ. ಬಸ್ಸಿನಿಂದ ಇಳಿದವರಿಗೆ ಅದರ ಹಿಂಬದಿಯ ಕೆಂಪು ದೀಪ, ಕಿಟಕಿಗೆ ಒರಗಿ ಕೂತವರ ಬೆನ್ನು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ನಿಲ್ದಾಣಕ್ಕೆ ಹಲಗೆಯ ಮೇಲೆ ಬೇರೆ ಹೆಸರಿದ್ದರೂ ಜನ ಅದನ್ನು ಬಾಲದ ಸ್ಟಾಪು ಎಂದೇ ಕರೆಯುತ್ತಿದ್ದರು.

ಇಂಥವನ್ನೆಲ್ಲ ಸರಿಪಡಿಸಲೆಂದು ಎರಡೂ ಊರಿನವರು ಸೇರಿ ಒಂದು ಸಾರಿಗೆ ಒಕ್ಕೂಟ ಮಾಡಿಕೊಂಡಿದ್ದರು. ಒಕ್ಕೂಟಕ್ಕೆ ಸ್ವಂತದ್ದೊಂದು ಬಸ್ಸೂ ಇರಲಿಲ್ಲ, ಒಂದು ಅಡಿ ಹಳಿಯೂ ಇರಲಿಲ್ಲ. ಇದ್ದದ್ದು ಟೈರ್ ಅಂಗಡಿಯ ಮಹಡಿಯ ಮೇಲೊಂದು ಕೋಣೆ, ಅದರಲ್ಲೊಂದು ಉದ್ದನೆಯ ಮೇಜು, ಮೇಜಿನ ತುದಿಯಲ್ಲೊಬ್ಬ ಕಾರ್ಯದರ್ಶಿ. ಮೊದಲು ವಿಮಾ ಕಂಪನಿಯಲ್ಲಿದ್ದ ಮೆದು ಮಾತಿನ ಯುವಕ. ಯಾರಿಗೂ ಏನನ್ನೂ ಆಜ್ಞೆ ಮಾಡುವ ಅಧಿಕಾರ ಅವನಿಗಿರಲಿಲ್ಲ. ಜಗಳ ಜೋರಾದಾಗ ನೀರಿನ ಲೋಟವನ್ನು ಮುಂದಕ್ಕೆ ತಳ್ಳುತ್ತಿದ್ದ.

ಜಗಳ ಆಡುತ್ತಿದ್ದವರು ಇಬ್ಬರು. ಮೇಲಿನ ಊರಿನ ಬಸ್ಸುಗಳ ವೇಳಾಪಟ್ಟಿ ಹಾಕುವ ಮುಖ್ಯಾಧಿಕಾರಿ ಒಬ್ಬ ಹೆಂಗಸು. ಡ್ರೈವರಾಗಿ ಸೇರಿ, ಡಿಪೋ ನೋಡಿಕೊಂಡು, ಆ ಕುರ್ಚಿಗೆ ಬಂದವರು. ಅವರನ್ನು ಎಲ್ಲರೂ ಬಸ್ಸಮ್ಮ ಎನ್ನುತ್ತಿದ್ದರು, ಎದುರಿಗೇ. ಕೆಳಗಿನ ಊರಿನ ಟ್ರಾಮಿನ ಮುಖ್ಯಸ್ಥರು ಉದ್ದಕ್ಕೆ, ಒಣಕಲಾಗಿ, ಒಮ್ಮೆ ಹೇಳಿದ್ದನ್ನು ಬದಲಿಸದ ಎಂಜಿನಿಯರು. ಅವರನ್ನು ಹಳಿಯಪ್ಪ ಎನ್ನುತ್ತಿದ್ದರು, ಬೆನ್ನ ಹಿಂದೆ.

"ನಿಮ್ಮ ಟ್ರಾಮು ಸ್ವಲ್ಪ ಹೊತ್ತು ನಿಂತ್ರೆ ಏನ್ ಕಳ್ಕೊಳ್ತೀರಿ?" ಎಂದು ಬಸ್ಸಮ್ಮ ಪ್ರತಿ ಸಭೆಯಲ್ಲೂ ಕೇಳುತ್ತಿದ್ದರು.

"ನಿಮ್ಮ ಬಸ್ಸು ಸ್ವಲ್ಪ ಬೇಗ ಬಂದ್ರೆ ನೀವೇನ್ ಕಳ್ಕೊಳ್ತೀರಿ?"

"ಬಸ್ಸು ರಸ್ತೆ ಮೇಲೆ ಬರತ್ತೆ ಸ್ವಾಮಿ, ಆಕಾಶದಲ್ಲಲ್ಲ."

"ಟ್ರಾಮು ಹಳಿ ಮೇಲೆ ಹೋಗತ್ತೆ ಮೇಡಂ. ಬೇಕಾದಲ್ಲಿ ನಿಲ್ಲಕ್ಕೆ ಅದೇನು ಮೇಯೋಕೆ ಬಿಟ್ಟ ಎಮ್ಮೆನಾ?"

ಇಷ್ಟಾಗುವಾಗ ಲೋಟ ಮುಂದಕ್ಕೆ ಬರುತ್ತಿತ್ತು. ಆದರೂ ಆ ಸಭೆಗಳಿಂದ ಕೆಲಸ ಆಗಿಲ್ಲವೆಂದು ಹೇಳುವಂತಿಲ್ಲ. ಕೂಗಾಡಿ ಕೂಗಾಡಿಯೇ ಇಬ್ಬರೂ ಎರಡೂ ಊರಿಗೆ ಒಂದೇ ಟಿಕೆಟ್ ತಂದಿದ್ದರು, ಎಲ್ಲ ನಿಲ್ದಾಣಗಳಿಗೂ ಒಂದೇ ನಕ್ಷೆ ಹಾಕಿಸಿದ್ದರು. ಬಾಲದ ಸ್ಟಾಪು ಮಾತ್ರ ಹಾಗೇ ಉಳಿದಿತ್ತು.

ಬಸ್ಸಮ್ಮನ ಮಗಳು ದಂತವೈದ್ಯರೊಬ್ಬರ ಹತ್ತಿರ ಹಲ್ಲಿನ ಅಚ್ಚು ತೆಗೆಯುವ ಕೆಲಸದಲ್ಲಿದ್ದಳು. ಒಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಂತು, ಈಜು ಕಲಿಯಲು ಹೋಗುತ್ತಿದ್ದಲ್ಲಿ ಒಬ್ಬ ಹುಡುಗ ಪರಿಚಯವಾಗಿದ್ದಾನೆ, ಮದುವೆಯಾಗಬೇಕೆಂದಿದ್ದೇವೆ ಎಂದಳು. ಹುಡುಗ ಹೇಗೆ, ಏನು ಮಾಡುತ್ತಾನೆ ಎಂದೆಲ್ಲ ಕೇಳಿದ ಮೇಲೆ ಬಸ್ಸಮ್ಮ, "ಅಪ್ಪ ಏನ್ ಮಾಡ್ತಾರೆ?" ಎಂದರು.

"ಟ್ರಾಮಲ್ಲಿದಾರೆ," ಎಂದಳು ಮಗಳು.

"ಡ್ರೈವರಾ?"

"ಅಲ್ಲ ಅಮ್ಮ. ಮುಖ್ಯಸ್ಥರು."

ಬಸ್ಸಮ್ಮ ಸೌಟನ್ನು ಪಾತ್ರೆಯೊಳಗೇ ಬಿಟ್ಟು ತಿರುಗಿದರು. "ಇಷ್ಟು ದೊಡ್ಡ ಲೋಕದಲ್ಲಿ ನಿನಗೆ ಬೇರೆ ಯಾರ ಮಗನೂ ಸಿಗ್ಲಿಲ್ವೇನೇ?"

ಒಳಕೋಣೆಯಲ್ಲಿ ಕನ್ನಡಕಗಳ ಗಾಜು ಒರೆಸುತ್ತ ಕೂತಿದ್ದ ಗಂಡ ನಕ್ಕುಬಿಟ್ಟರು. ಅವರದು ಪೇಟೆಯಲ್ಲಿ ಕನ್ನಡಕದ ಅಂಗಡಿ. "ಹುಡುಗ ಈಜು ಕಲೀತಿದಾನಲ್ಲ, ಹಳಿ ಬಿಟ್ಟು ಹೋಗೋ ಧೈರ್ಯ ಇದೆ ಅಂತಾಯ್ತು," ಎಂದರು.

ಹುಡುಗನ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಹಳಿಯಪ್ಪ ಮಗನ ಜೊತೆ ಒಬ್ಬರೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ಮೇಜಿನ ಎದುರುಬದುರು ಕೂಗಾಡಿದ್ದವರು ಈಗ ಸೋಫಾದ ಎರಡು ತುದಿಯಲ್ಲಿ ಕೂತು, ಮನೆ ಗಾಳಿ ಬೆಳಕಾಗಿದೆ, ಹೌದು ಪೂರ್ವಕ್ಕೆ ಕಿಟಕಿ, ಎಂದು ಮಾತಾಡಿದರು. ಕನ್ನಡಕದ ಗಂಡನೇ ಮಾತನ್ನು ಮುಂದಕ್ಕೆ ನೂಕಬೇಕಾಯಿತು. ಮದುವೆಯ ಮಾತುಕತೆ ಮಾತ್ರ ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋಯಿತು. ಯಾವುದಕ್ಕೂ ಯಾರೂ ಪಟ್ಟು ಹಿಡಿಯಲಿಲ್ಲ.

ಮದುವೆಯಾದ ವಾರ ಬಸ್ ಕಚೇರಿಯ ಗುಮಾಸ್ತನೊಬ್ಬ, "ಇನ್ನು ಹಳಿಯಪ್ಪ ಅನ್ನಂಗಿಲ್ಲ ಕಣ್ರಪ್ಪಾ, ಅಳಿಯನಪ್ಪ!" ಎಂದ. ಅದು ಬಸ್ಸಮ್ಮನ ಕಿವಿಗೂ ಬಿತ್ತು. ಅವರೂ ನಕ್ಕರು.

ಒಕ್ಕೂಟದ ಕಾರ್ಯದರ್ಶಿಗೆ ಮೊದಮೊದಲು ಹಿಗ್ಗೋ ಹಿಗ್ಗು. ಸಭೆಯಲ್ಲಿ ಈಗ ಕೂಗಾಟವಿಲ್ಲ. "ಬನ್ನಿ ಬೀಗರೇ, ಕೂತ್ಕೊಳ್ಳಿ." "ಇಲ್ಲ ಇಲ್ಲ, ನೀವು ಮೊದಲು." ಆದರೆ ಎರಡು ಮೂರು ತಿಂಗಳಲ್ಲಿ ಅವನಿಗೆ ಒಂದು ವಿಷಯ ಹೊಳೆಯಿತು. ಬಾಲದ ಸ್ಟಾಪಿನ ವಿಷಯ ಬಂದ ಕೂಡಲೇ ಬಸ್ಸಮ್ಮ, "ಅವಸರ ಏನಿದೆ, ಬೀಗರಿಗೆ ಅನುಕೂಲ ಆದಾಗ ನೋಡೋಣ," ಎನ್ನುತ್ತಿದ್ದರು. ಹಳಿಯಪ್ಪ, "ಛೆ, ನನ್ನಿಂದ ಅವರಿಗ್ಯಾಕೆ ತೊಂದರೆ," ಎನ್ನುತ್ತಿದ್ದರು. ವಿಷಯ ಮುಂದಿನ ಸಭೆಗೆ ಹೋಗುತ್ತಿತ್ತು. ಬರಬರುತ್ತ ಬೇರೆ ವಿಷಯಗಳೂ ಅದರ ಹಿಂದೆಯೇ ಹೋದವು. ಆಟದ ಪಂದ್ಯವಿದ್ದ ದಿನ ಹೆಚ್ಚಿನ ಗಾಡಿ ಬಿಡುವ ಮಾತು, ರಜಾದಿನದ ಪಟ್ಟಿ, ಒಂದೂ ತೀರ್ಮಾನವಾಗಲಿಲ್ಲ. ಬೀಗರಾದ ಮೇಲೆ ಇಬ್ಬರ ಬಾಯಿಗೂ ಬೀಗ ಬಿದ್ದಿತ್ತು. ಮೇಜಿನ ಮೇಲಿನ ನೀರು ಹಾಗೇ ಉಳಿಯುತ್ತಿತ್ತು.

ಒಂದು ಶನಿವಾರ ಬಸ್ಸಮ್ಮ ಮಗಳ ಮನೆಗೆಂದು ಹೊರಟರು. ಕಚೇರಿಯ ಕಾರಿತ್ತು, ಸ್ವಂತ ಕೆಲಸಕ್ಕೆ ಅದನ್ನು ಬಳಸುವವರ ಪೈಕಿ ಅವರಲ್ಲ. ಬಸ್ಸಿನಲ್ಲೇ ಬಂದು ಸೇತುವೆಯ ಹತ್ತಿರ ಇಳಿದರು. ಟ್ರಾಮಿನ ಬಾಲ ಕಂಡಿತು. ಸುತ್ತ ನಿಂತವರಲ್ಲಿ ಯಾರೂ ಓಡಲಿಲ್ಲ. ಓಡಿ ಪ್ರಯೋಜನವಿಲ್ಲವೆಂದು ಅವರಿಗೆಲ್ಲ ಗೊತ್ತಿತ್ತು. ಒಬ್ಬ ಹೆಂಗಸು ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಅತ್ತೆಯನ್ನು ಕಟ್ಟೆಯ ಮೇಲೆ ಕೂರಿಸಿ, ಅವರ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

"ದಿನಾ ಹೀಗೇನಾ?" ಎಂದು ಬಸ್ಸಮ್ಮ ಸುಮ್ಮನೆ ಕೇಳಿದರು, ಗೊತ್ತಿಲ್ಲದವರ ಹಾಗೆ.

"ದಿನಾ ಹೀಗೇ," ಎಂದಳು ಆಕೆ. "ಇದನ್ನ ಮಾಡಿದವರ ಮನೇಲಿ ಯಾರೂ ಎಲ್ಲಿಗೂ ಹೋಗಲ್ವೋ ಏನೋ."

ಅತ್ತೆ ಕೂತಲ್ಲಿಂದಲೇ, "ಹೋಗ್ತಾರೆ ಬಿಡೇ, ಕಾರಲ್ಲಿ," ಎಂದರು.

ಬಸ್ಸಮ್ಮ ತಾವು ಯಾರೆಂದು ಹೇಳಲಿಲ್ಲ. ಮುಂದಿನ ಟ್ರಾಮು ಬರುವವರೆಗೂ ಅವರ ಪಕ್ಕದಲ್ಲಿ ನಿಂತಿದ್ದರು. ಮಗಳ ಮನೆ ಮುಟ್ಟಿದಾಗ ಅನ್ನ ಆರಿತ್ತು.

"ನೀನೂ ದಿನಾ ಹೀಗೇ ಕಾಯ್ತೀಯಾ?" ಎಂದು ಕೇಳಿದರು.

"ಕಾಯದೆ? ನಾನು ಕೆಲಸ ಮುಗಿಸಿ ಬರೋದೇ ಆ ಬಸ್ಸಲ್ಲಿ. ಎಲ್ಲರೂ ಕೇಳ್ತಾರೆ, ನಿಮ್ಮಮ್ಮ ಅಲ್ವಾ ಬಸ್ಸು, ನಿಮ್ಮ ಮಾವ ಅಲ್ವಾ ಟ್ರಾಮು ಅಂತ. ಏನ್ ಹೇಳ್ಲಿ?" ಮಗಳು ತಟ್ಟೆ ಇಡುತ್ತ ಹೇಳಿದಳು. "ಮೊದಲು ಜಗಳ ಆಡ್ತಿದ್ರಿ, ಆಗ್ಲಿಲ್ಲ. ಈಗ ಮರ್ಯಾದೆ ಮಾಡ್ತಿದೀರಿ, ಅದರಿಂದ್ಲೂ ಆಗ್ತಿಲ್ಲ."

ಮುಂದಿನ ಸಭೆಗೆ ಬಸ್ಸಮ್ಮ ಮನಸ್ಸು ಗಟ್ಟಿ ಮಾಡಿಕೊಂಡು ಹೋದರು. ವಿಷಯ ಬಂದಾಗ ಹಳಿಯಪ್ಪ ಎಂದಿನಂತೆ, "ಬೀಗರು ಹೇಳಿದ ಹಾಗೆ ಮುಂದಿನ ಸಲ..." ಎಂದು ಶುರುಮಾಡಿದರು.

"ನಾನು ಹಾಗೆ ಹೇಳಿಲ್ಲ. ಇವತ್ತೇ ಆಗ್ಬೇಕು," ಎಂದರು ಬಸ್ಸಮ್ಮ. "ಈ ಕೋಣೆ ಬಾಗಿಲು ದಾಟೋವರೆಗೂ ನೀವು ನನ್ನ ಬೀಗರಲ್ಲ. ನಿಮ್ಮ ಟ್ರಾಮು ಯಾಕೆ ನಿಲ್ಲಲ್ಲ? ಅದು ಹೇಳಿ."

ಕೆಳಗಿನ ಅಂಗಡಿಯಲ್ಲಿ ಟೈರಿಗೆ ಗಾಳಿ ತುಂಬುವ ಸದ್ದು ಕೇಳುತ್ತಿತ್ತು. ಹಳಿಯಪ್ಪ ಕಾಗದಗಳನ್ನು ಜೋಡಿಸಿ, ಪೆನ್ನಿಗೆ ಕ್ಯಾಪು ಹಾಕಿ, ಎದ್ದು ಹೋದರು. ಕಾರ್ಯದರ್ಶಿ ಕೈ ಮುಂದೆ ಚಾಚಿದ್ದ. ಲೋಟವನ್ನು ಯಾರ ಕಡೆ ತಳ್ಳಬೇಕೆಂದು ತಿಳಿಯದೆ ತಾನೇ ಕುಡಿದ.

ಆ ಭಾನುವಾರ ಎಲ್ಲರೂ ಬಸ್ಸಮ್ಮನ ಮನೆಯಲ್ಲಿ ಊಟಕ್ಕೆ ಸೇರಬೇಕಿತ್ತು. ಅಳಿಯ, ಮಗಳು ಬಂದರು. ಹಳಿಯಪ್ಪ ಬರಲಿಲ್ಲ. "ಅಪ್ಪಂಗೆ ಸ್ವಲ್ಪ ನೆಗಡಿ," ಎಂದ ಅಳಿಯ, ಅತ್ತೆಯ ಮುಖ ನೋಡದೆ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಸ್ಸಮ್ಮ ಒಂದು ಡಬ್ಬಿಯಲ್ಲಿ ಊಟ ಹಾಕಿಕೊಟ್ಟರು. ರಾತ್ರಿ ಗಂಡನ ಹತ್ತಿರ, "ನಾನು ಮಾಡಿದ್ದು ತಪ್ಪಾಯ್ತೇನ್ರೀ?" ಎಂದು ಕೇಳಿದರು.

"ಕೇಳಿದ್ದು ತಪ್ಪಲ್ಲ. ಎಲ್ಲರೆದುರು ಕೇಳಿದೆಯಲ್ಲ," ಎಂದರು ಗಂಡ. "ಆದ್ರೂ ಹೋಗಿ ಕ್ಷಮೆ ಗಿಮೆ ಕೇಳ್ಬೇಡ. ಮತ್ತೆ ಶುರುವಾಗತ್ತೆ ನಿಮ್ಮ ಬನ್ನಿ ಬೀಗರೇ, ಕೂತ್ಕೊಳ್ಳಿ."

ಎರಡು ದಿನ ಬಿಟ್ಟು ಹಳಿಯಪ್ಪನ ಫೋನು ಬಂತು. ಡಬ್ಬಿ ವಾಪಸ್ ಕೊಡಬೇಕು, ಹಾಗೇ ಒಂದು ಜಾಗ ತೋರಿಸಬೇಕು, ಬನ್ನಿ ಎಂದರು.

ಟ್ರಾಮಿನ ದಾರಿಯ ಮಧ್ಯೆ, ಒಂದು ಬಣ್ಣದ ಕಾರ್ಖಾನೆಯ ಹಿಂದೆ, ಇಬ್ಬರೂ ಇಳಿದರು. ಉದ್ದಕ್ಕೂ ಒಂಟಿಯಾಗಿ ಬಂದ ಹಳಿ ಅಲ್ಲಿ ಸ್ವಲ್ಪ ದೂರ ಎರಡಾಗಿ, ಮತ್ತೆ ಒಂದಾಗುತ್ತಿತ್ತು. ಒಂದು ಟ್ರಾಮು ಬಂದು ಬದಿಗೆ ನಿಂತಿತು. ಎದುರಿನಿಂದ ಬರುವುದಕ್ಕೆ ಕಾಯಿತು. ಅದು ಬಂದು ದಾಟಿದ ಮೇಲೆ ಹೊರಟಿತು.

"ನೋಡಿದ್ರಾ?" ಎಂದರು ಹಳಿಯಪ್ಪ. "ಸೇತುವೆ ಹತ್ರ ಒಂದು ನಿಂತ್ರೆ ಇಲ್ಲೊಂದು ನಿಲ್ಲತ್ತೆ. ಇಲ್ಲಿ ನಿಂತ್ರೆ ಅದರ ಹಿಂದಿಂದು. ಇಡೀ ಊರು ನಿಲ್ಲತ್ತೆ."

"ಇಷ್ಟು ವರ್ಷ ಇದನ್ನ ಹೇಳ್ಬಾರದಿತ್ತಾ?"

"ಹಳಿ ಒಂದೇ ಅಂತ ಯಾರಿಗ್ ಗೊತ್ತಿಲ್ಲ? ನಿಮಗೂ ಗೊತ್ತು ಅಂದ್ಕೊಂಡಿದ್ದೆ. ಗೊತ್ತಿದ್ದೂ ಕೆಣಕ್ತಿದಾರೆ ಅಂದ್ಕೊಂಡೆ."

"ನಾನು ಟ್ರಾಮಲ್ಲಿ ಕೂತ್ರೆ ಹಳಿ ಎಷ್ಟಿದೆ ಅಂತ ಬಗ್ಗಿ ನೋಡ್ಲಾ?" ಬಸ್ಸಮ್ಮನ ದನಿ ಏರಿತು. "ಸೇತುವೆ ಹತ್ರಾನೂ ಎರಡು ಹಳಿ ಇದೆಯಲ್ಲ! ಒಂದನ್ನೊಂದು ಅಲ್ಲೇ ದಾಟ್ಲಿ. ಆಗ ಹೇಗೂ ಅಲ್ಲಿ ಒಂದು ನಿಂತಿರ್ಬೇಕು."

"ಆ ಎರಡನೇದರ ಮೇಲೆ ರಿಪೇರಿ ಗಾಡಿ ನಿಲ್ಸಿದೀವಿ."

"ರಿಪೇರಿ ಗಾಡಿಗೆ ನೆರಳು ಬೇಕಾ? ಬೇರೆ ಕಡೆ ನಿಲ್ಸಿ!"

"ಹೇಳೋದು ಸುಲಭ! ಇಡೀ ಪಟ್ಟಿ ಬದಲಾಗ್ಬೇಕು. ಕಾರ್ಖಾನೆಯವರ ಟ್ರಾಮು ಮುಂಚೆ ಹೊರಡತ್ತೆ, ಅವರು ಬೇಗ ಎದ್ದು ಬರ್ಬೇಕು, ಅವರ ಕೈಲಿ ನಾನು ಬೈಸ್ಕೋಬೇಕು. ಅಷ್ಟು ಮಾಡಿದ್ರೂ ನಿಮ್ಮ ಬಸ್ಸು ಆ ಹೊತ್ತಿಗೆ ಬರತ್ತೆ ಅಂತ ಏನ್ ಗ್ಯಾರಂಟಿ? ಅದು ಊರೆಲ್ಲ ಸುತ್ತಿ ಬರತ್ತೆ."

"ಊರೆಲ್ಲ ಅಲ್ಲ, ದಿಬ್ಬದ ಬೀದಿ ಒಂದೇ."

"ಅದನ್ನ ಬಿಡಿ ಮತ್ತೆ!"

ದಾರಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಬೇಲಿಯ ಪಕ್ಕ ಬಿಳಿ ಕೂದಲಿನ ಹೆಂಗಸು, ಊಟದ ಡಬ್ಬಿ ಹಿಡಿದ ಉದ್ದನೆಯ ಗಂಡಸು, ಇಬ್ಬರೂ ಗಂಟಲು ಹರಿದುಕೊಳ್ಳುತ್ತಿದ್ದರು. ದಿಬ್ಬದ ಬೀದಿಯ ಸುತ್ತನ್ನು ಬಿಟ್ಟರೆ ಬಸ್ಸು ಸರಿಯಾದ ಹೊತ್ತಿಗೆ ಬರುತ್ತದೆ. ಅದು ಬಸ್ಸಮ್ಮನಿಗೆ ಗೊತ್ತಿಲ್ಲದ ಲೆಕ್ಕವಲ್ಲ. ಆದರೆ ಆ ಕಡಿದಾದ ಬೀದಿಯಲ್ಲಿ ಇದ್ದವರೆಲ್ಲ ವಯಸ್ಸಾದವರು.

"ಡಬ್ಬಿ ಕೊಡಿ," ಎಂದರು ಕೊನೆಗೆ. "ಕಾರ್ಯದರ್ಶಿಗೆ ಹೇಳಿ, ನಾಳೆಯೇ ಕೂರೋಣ."

ಮರುದಿನದ ಸಭೆ ಸಂಜೆಯವರೆಗೂ ನಡೆಯಿತು. ಕೂಗಾಟ ಕೆಳಗಿನ ಅಂಗಡಿಗೂ ಕೇಳಿಸಿತು. ಒಬ್ಬರು ಕಾರ್ಖಾನೆಯವರ ಬೈಗುಳ ಹೊರಲು ಒಪ್ಪಿದರು, ಇನ್ನೊಬ್ಬರು ದಿಬ್ಬದ ಬೀದಿಯವರದು. ರಿಪೇರಿ ಗಾಡಿಗೆ ಡಿಪೋದ ಹಿಂಭಾಗದಲ್ಲಿ ಜಾಗ ಸಿಕ್ಕಿತು. ಕೆಲವು ತಿಂಗಳಲ್ಲಿ ಹೊಸ ಪಟ್ಟಿ ಜಾರಿಗೆ ಬಂದ ಬೆಳಿಗ್ಗೆ ಕಾರ್ಯದರ್ಶಿಯೂ ಸೇರಿ ಮೂವರೂ ಸೇತುವೆಯ ಬಳಿ ಬಂದು ನಿಂತರು. ಬಸ್ಸು ಬಂತು. ಟ್ರಾಮು ಅಲ್ಲೇ ಇತ್ತು. ಜನ ಇಳಿದು, ನಾಲ್ಕು ಹೆಜ್ಜೆ ನಡೆದು, ಹತ್ತಿ ಕೂತರು. ಯಾರೂ ಆಶ್ಚರ್ಯಪಡಲಿಲ್ಲ. ಒಬ್ಬ ಮಾತ್ರ ಟ್ರಾಮಿನಲ್ಲಿ ಸೀಟು ಗಟ್ಟಿ ಎಂದು ಗೊಣಗಿದ. ಕಾರ್ಯದರ್ಶಿ ಫೋಟೋ ತೆಗೆದ. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ದಿಬ್ಬದ ಬೀದಿಯವರು ಸುಮ್ಮನಿರಲಿಲ್ಲ. ಅಲ್ಲಿನ ಶಾಲೆಯ ವ್ಯಾಯಾಮದ ಕೋಣೆಯಲ್ಲಿ ಸೇರಿ ಬಸ್ಸಮ್ಮನನ್ನು ಕರೆಸಿದರು. ಗೋಡೆಗೆ ಒರಗಿಸಿದ ಚಾಪೆಗಳು, ಮೂಲೆಯಲ್ಲಿ ಚೆಂಡುಗಳ ಬಲೆ, ಮಕ್ಕಳ ಅಳತೆಯ ಬೆಂಚುಗಳ ಮೇಲೆ ಮುದುಕರು. ಬಸ್ಸಮ್ಮ ಎದುರಿನ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ಬೈಗುಳ ಶುರುವಾಗುವ ಹೊತ್ತಿಗೆ ಬಾಗಿಲು ತೆರೆದು ಹಳಿಯಪ್ಪ ಒಳಗೆ ಬಂದು, ಬಾಗಿ, ಅವರ ಪಕ್ಕದ ಗಿಡ್ಡ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು. ಬರುವುದಾಗಿ ಅವರು ಹೇಳಿರಲಿಲ್ಲ.

"ಇವರ್ಯಾರು?" ಎಂದರು ಮುಂದಿನ ಸಾಲಿನ ಅಜ್ಜಿಯೊಬ್ಬರು.

"ನಾನು ಟ್ರಾಮಿನವನು ಕಣಮ್ಮ. ನಿಮ್ಮ ಬೀದಿಗೆ ಬಸ್ಸು ಬೇಡ ಅಂದಿದ್ದು ನಾನೇ."

"ಹಾಗಾದ್ರೆ ನಿಮಗೂ ಸೇರಿಸಿ ಹೇಳ್ತೀನಿ, ಕೇಳಿ," ಎಂದು ಅಜ್ಜಿ ಊರುಗೋಲು ಬದಿಗಿಟ್ಟರು.

ಒಂದು ಗಂಟೆ ಇಬ್ಬರೂ ಕೇಳಿಸಿಕೊಂಡರು. ಎರಡೂ ಊರು ಅರ್ಧರ್ಧ ಖರ್ಚು ಹಾಕಿ ಆ ಬೀದಿಗೆ ಒಂದು ಸಣ್ಣ ವ್ಯಾನು ಬಿಡುವುದೆಂದು ಕೊನೆಗೆ ಮಾತಾಯಿತು. ವ್ಯಾನಿನ ಮೆಟ್ಟಿಲು ಎಷ್ಟು ತಗ್ಗಿನಲ್ಲಿರಬೇಕೆಂದು ಅಜ್ಜಿ ತಮ್ಮ ಕಾಲನ್ನೇ ಎತ್ತಿ ತೋರಿಸಿದರು. ಹಳಿಯಪ್ಪ ಜೇಬಿನಿಂದ ಅಳತೆ ಟೇಪು ತೆಗೆದು, ನೆಲದ ಮೇಲೆ ಕೂತು ಅಳೆದರು. ಬಸ್ಸಮ್ಮ ಟೇಪಿನ ಇನ್ನೊಂದು ತುದಿಯನ್ನು ಹಿಡಿದುಕೊಂಡರು.