ಅಮೀರ ಪಾಶಾ ರುಚಿ ನೋಡಿದ ಮಣ್ಣು

ಬಿದ್ರಿ ಕೆಲಸದಲ್ಲಿ ಹೂಜಿಯೋ ಹೂದಾನಿಯೋ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿದ ಮೇಲೆ ಕೊನೆಗೆ ಬೇಕಾಗುವುದು ಕೋಟೆಯ ಮಣ್ಣು. ಹಳೇ ಗೋಡೆಗಳ ಮಗ್ಗುಲಲ್ಲಿ ಮಳೆ ಬಿಸಿಲು ಕಾಣದೆ ಬಿದ್ದ ಮಣ್ಣೇ ಆಗಬೇಕು. ಅದನ್ನು ನವಸಾಗರದ ಉಪ್ಪಿನ ಜೊತೆ ಕುದಿಸಿ ಸಾಮಾನು ಅದ್ದಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಯಾವ ಮಣ್ಣು ಕೆಲಸಕ್ಕೆ ಬಂದೀತು ಎಂದು ತಿಳಿಯಲು ಉಸ್ತಾದರು ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ನೋಡುತ್ತಾರೆ. ಇದರಲ್ಲಿ ಬೀದರದ ಅಮೀರ ಪಾಶಾನನ್ನು ಮೀರಿಸುವವರಿಲ್ಲ ಎಂದು ಜನ ಅನ್ನುತ್ತಿದ್ದರು. ಜನಕ್ಕಿಂತ ಮೊದಲು ಅಮೀರ ಪಾಶಾನೇ ಅನ್ನುತ್ತಿದ್ದ, ಆ ಮಾತು ಬೇರೆ. ಅರವತ್ತೆರಡಾಗಿತ್ತು, ಯಾರಾದರೂ ಹೊಗಳಿದರೆ ಇನ್ನೂ ಪೂರಿಯ ಹಾಗೆ ಉಬ್ಬುತ್ತಿದ್ದ.

ಈ ಉಬ್ಬುವ ಗುಣ ಭಾಲ್ಕಿಯ ಗುತ್ತೇದಾರ ಭಾಲಚಂದ್ರನ ಕಣ್ಣಿಗೆ ಬಿತ್ತು. ಅವನಿಗೆ ಆಗ ಅಂಥದೊಂದು ಗುಣದ ತುರ್ತು ಇತ್ತು. ಗಡಿಯಾಚೆ ಮುಚ್ಚಿಹೋದ ಕಾರ್ಖಾನೆಯೊಂದರ ಡ್ರಮ್ಮುಗಳನ್ನು ಅವನ ಟಿಪ್ಪರುಗಳು ತಂದು ಎಕಂಬಾ ಊರಿನ ಆಚೆಗಿನ ಹಾಳು ಕಲ್ಲುಗಣಿಯಲ್ಲಿ ಸುರಿದು ಮೇಲೆ ಮಣ್ಣು ಎಳೆದಿದ್ದವು. ಒಳಗಿರುವುದು ವಿಕಿರಣದ ಕಸ ಎಂದು ಸುದ್ದಿ ಹಬ್ಬಿ ಔರಾದಿನಲ್ಲಿ ರಸ್ತೆ ಬಂದಾಯಿತು, ಭಾಲ್ಕಿಯಲ್ಲಿ ಮೆರವಣಿಗೆಯಾಯಿತು. ಕಸ ತೆಗೆಯಿರಿ ಎಂದರು ಎಲ್ಲರೂ. ತೆಗೆದು ಎಲ್ಲಿ ಇಡಬೇಕು ಎಂದು ಕೇಳಿದರೆ ಭಾಲ್ಕಿಯವರು ಔರಾದಿನ ಕಡೆ ಕೈ ತೋರಿಸಿದರು, ಔರಾದಿನವರು ಬೀದರದ ಕಡೆ. ಗಣಿಯ ಮಗ್ಗುಲಿಗೇ ಮೂವತ್ತು ಮನೆಯ ವಸ್ತಿಯಿತ್ತು, ಅವರನ್ನು ಯಾರೂ ಏನೂ ಕೇಳಲಿಲ್ಲ.

ಭಾಲಚಂದ್ರ ಆ ವಸ್ತಿಗೆ ಇಂಗ್ಲಿಷಿನ ಕಾಗದವೊಂದನ್ನು ತಂದು, ಒಳಗಿರುವುದು ಬರೀ ಬೂದಿ ಎಂದು ಓದಿದ. ಕಾಗದ ನಂಬುವಷ್ಟು ದಡ್ಡರು ಅವರಲ್ಲ. ಹಾಗಾದರೆ ನಿಮಗೆ ಯಾರ ಮಾತು ಬೇಕು ಎಂದು ಅವನೇ ಕೇಳಿ, ಅವನೇ ಅಮೀರ ಪಾಶಾನ ಹೆಸರು ತೆಗೆದ. ಮಣ್ಣಿನ ಹಣೆಬರಹ ನಾಲಿಗೆಯಲ್ಲಿ ಓದುವ ಮನುಷ್ಯ ಎಂದ. ಮಣ್ಣಿನಲ್ಲೇ ಹುಟ್ಟಿ ಬೆಳೆದ ಜನ, ಈ ಮಾತಿಗೆ ಮಾತ್ರ ಹ್ಞೂಂಗುಟ್ಟಿದರು.

ಬೀದರಕ್ಕೆ ಕಾರು ಬಂತು. ಹೋಗಬೇಡ ಎಂದು ಮಗಳು ಜೇಬಾ ಎಷ್ಟೋ ಹೇಳಿದಳು. ಆ ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಅದನ್ನು ಯಂತ್ರವೇ ಹಿಡಿಯಬೇಕು ಎಂದು ಮೊಬೈಲಿನಲ್ಲಿದ್ದುದನ್ನು ಓದಿ ತೋರಿಸಿದಳು. ಅಮೀರ ಪಾಶಾ ಕೇಳಿಸಿಕೊಂಡ. ಕೇಳಿಸಿಕೊಂಡೇ ಷೇರ್ವಾನಿ ಹಾಕಿಕೊಂಡು ಕಾರು ಹತ್ತಿದ.

ವಸ್ತಿಯಲ್ಲಿ ಕುರ್ಚಿ, ಹಾರ, ಶಾಲು, ಮೊಬೈಲು ಎತ್ತಿ ಹಿಡಿದ ನೂರು ಕೈ. ಗಣಿಯ ಅಂಚಿನಿಂದ ಹಿಡಿ ಮಣ್ಣು ತಂದು ತಾಟಿನಲ್ಲಿ ಇಟ್ಟರು. ಅವನು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದ. ಸ್ವಲ್ಪ ಉಪ್ಪು, ಸ್ವಲ್ಪ ಸುಣ್ಣ. ಬಿದ್ರಿಗೆ ಬಾರದ ಮಣ್ಣು. ಅಷ್ಟು ಬಿಟ್ಟರೆ ಅವನಿಗೆ ಏನೂ ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆಗ ಅಂಬೂಬಾಯಿ ಎಂಬ ಹೆಂಗಸು ಮುಂದೆ ಬಂದಳು. ಗಂಡ ಸತ್ತವಳು, ಮಗ ಹೈದರಾಬಾದಿನಲ್ಲಿ ಗಾರೆ ಕೆಲಸಕ್ಕೆ ಹೋದವನು. ಪಕ್ಕದಲ್ಲಿ ಸೊಸೆ ಶರ್ವರಿ ಸೆರಗು ಹಿಡಿದು ನಿಂತಿದ್ದಳು.

"ಉಸ್ತಾದ್ರ, ನಮ್ ಸೊಸಿಗಿ ಈಗ ಮೂರು ತಿಂಗಳ. ಇದಕ್ಕ ಮೊದಲ ಎರಡು ಹೋಗ್ಯಾವ. ಗಣಿ ಬಾಜೂಕಿನ ಬಾವಿ ನೀರೇ ಕುಡಿತಾಳ. ಕುಡಿಸ್ಲೋ ಬ್ಯಾಡೋ, ಅಷ್ಟೇ ಹೇಳ್ರಿ. ನೀವು ಬ್ಯಾಡ ಅಂದ್ರ ನಾ ಎಕಂಬಾದಿಂದ ಹೊತ್ತು ತರ್ತೇನಿ."

ನನಗೆ ಗೊತ್ತಿಲ್ಲ ಅಂದಿದ್ದರೆ ಆಗುತ್ತಿತ್ತು. ಎರಡೇ ಎರಡು ಮಾತು. ಆದರೆ ಹೆಗಲ ಮೇಲೆ ಶಾಲು, ಎದುರಿಗೆ ನೂರು ಮೊಬೈಲು. ಗೊತ್ತಿಲ್ಲ ಎಂದು ಬೀದರಕ್ಕೆ ಹ್ಯಾಗೆ ಮರಳುವುದು?

"ಕುಡಿಸ್ರಿ ಅಂಬೂಬಾಯಿ," ಎಂದ. "ಮಣ್ಣು ಸಾಫ್ ಅದ."

ಅಂಬೂಬಾಯಿ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ದಾರಿಯುದ್ದಕ್ಕೂ ಭಾಲಚಂದ್ರ ಅವನನ್ನು ಹೊಗಳುತ್ತಲೇ ಬಂದ.

ಎರಡೂವರೆ ತಿಂಗಳಿಗೆ ಬಿಳೀ ಅಂಗಿ ತೊಟ್ಟ ಸರ್ಕಾರದ ತಂಡವೊಂದು ಗಣಿಗೆ ಇಳಿಯಿತು. ಬಾವಿಯ ಕಟ್ಟೆಯ ಮೇಲಿಟ್ಟ ಯಂತ್ರ ನಿಲ್ಲದೆ ಕಿರುಗುಟ್ಟಿತು. ಮಳೆಗೆ ಡ್ರಮ್ಮು ತೂತಾಗಿ ವಿಷ ನೀರಿಗೆ ಇಳಿದಿದೆ ಎಂದರು, ಬಾವಿಗೆ ಹಳದಿ ಪಟ್ಟಿ ಕಟ್ಟಿದರು, ಟ್ಯಾಂಕರ್ ಕಳಿಸುತ್ತೇವೆ ಎಂದು ಹೋದರು. ಭಾಲಚಂದ್ರ ಅದೇ ವಾರ ಭಾಲ್ಕಿಯಿಂದ ಕಾಲು ಕಿತ್ತ.

ಜೇಬಾ ಸುದ್ದಿ ಓದಿ ಹೇಳಿದಾಗ ಅಮೀರ ಪಾಶಾನ ಕೈ ಮೊದಲು ಹೋದದ್ದು ತನ್ನ ಬಾಯಿಗೆ. ತಾನೂ ಚಿಟಿಕೆ ತಿಂದವನಲ್ಲವೇ! ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿದ, ಡಾಕ್ಟರರ ಹತ್ತಿರ ಓಡಿದ, ರಕ್ತ ಕೊಟ್ಟ, ವರದಿಗಾಗಿ ಆರು ದಿನ ಕಾದ. ಏನೂ ಇಲ್ಲ ಎಂದು ವರದಿ ಬಂದ ಮೇಲೆ, ಏಳನೇ ದಿನ, ಅವನಿಗೆ ಶರ್ವರಿಯ ನೆನಪಾಯಿತು. ಹೆಂಡತಿ ಮರಿಯಮಬೀಗೂ ಹೇಳದೆ ಔರಾದಿನ ಬಸ್ಸು ಹಿಡಿದ.

ಔರಾದಿನಿಂದ ಹಿಡಿದ ಟಂಟಂ ಆಟೋ ಇಳಿದು ಉರಿಬಿಸಿಲಿನಲ್ಲಿ ವಸ್ತಿಯ ತನಕ ನಡೆದ. ಬಾವಿಯ ಹಳದಿ ಪಟ್ಟಿ ಹರಿದು ನೆಲಕ್ಕೆ ಬಿದ್ದಿತ್ತು, ಕಟ್ಟೆ ಹಸಿಯಾಗಿತ್ತು, ಇಬ್ಬರು ಹೆಂಗಸರು ನೀರು ಸೇದುತ್ತಿದ್ದರು. ಟ್ಯಾಂಕರ್ ಎರಡು ಸಲ ಬಂದು ನಿಂತುಹೋಗಿತ್ತು. ವಸ್ತಿ ಖಾಲಿ ಮಾಡಿಸಿ ಇನ್ನಷ್ಟು ಡ್ರಮ್ಮು ತಂದು ಹಾಕಲು ಸರ್ಕಾರದವರು ಹೂಡಿದ ಆಟ ಇದು, ಉಸ್ತಾದರೇ ಸಾಫ್ ಅಂದ ಮೇಲೆ ಯಂತ್ರದ್ದೇನು ಎಂದು ಹೆಂಗಸರು ಅವನಿಗೇ ವಿವರಿಸಿದರು. ಅವನು ಅಂಬೂಬಾಯಿಯ ಮನೆ ಯಾವುದು ಎಂದು ಕೇಳಿದ.

ಅಂಬೂಬಾಯಿ ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿದಳು. ಅವನು ಕೂರುತ್ತಲೇ ಹೇಳಿಬಿಟ್ಟ.

"ನಾ ಸುಳ್ಳು ಹೇಳೇನಿ, ಅಂಬೂಬಾಯಿ. ಆ ವಿಷಕ್ಕ ರುಚಿನೇ ಇರಂಗಿಲ್ಲ. ನನಗ ಏನೂ ತಿಳಿದಿರಲಿಲ್ಲ. ನೀರು ಬಂದ್ ಮಾಡ್ರಿ."

ಅಂಬೂಬಾಯಿ ಅವನ ಮುಖ ನೋಡಿ ಮರುಗಿದಳು. ಪಾಪ, ಸರ್ಕಾರದವರು ನಿಮ್ಮನ್ನೂ ಹೆದರಿಸಿ ಕಳಿಸಿದರೇನು ಎಂದಳು. ಅವನು ಆಣೆ ಹಾಕಿದ, ಕೈ ಮುಗಿದ. ಆಣೆ ಹಾಕಿದಷ್ಟೂ ಅವಳಿಗೆ ಅವನ ಮೇಲೆ ಕನಿಕರ ಹೆಚ್ಚಾಯಿತು. ಸುಳ್ಳು ಒಂದೇ ಮಾತಿಗೆ ನಂಬಿಕೆಯಾಗಿತ್ತು, ನಿಜ ಎಷ್ಟು ಹೇಳಿದರೂ ಅವಳೊಳಗೆ ಇಳಿಯಲಿಲ್ಲ. ಬಿಸಿಲಲ್ಲಿ ಬಂದವರನ್ನು ಬಾಯಿ ಒಣಗಿಸಿ ಮಾತಾಡಿಸುವುದು ಆ ಕಡೆಯ ಪದ್ಧತಿಯೂ ಅಲ್ಲ. ಅವಳು ಒಳಗೆ ಹೋಗಿ ಚರಿಗೆ ತುಂಬ ನೀರು ತಂದು ಎರಡೂ ಕೈಯಿಂದ ಅವನ ಮುಂದೆ ಹಿಡಿದಳು.

"ಮೊದಲ ನೀರು ಕುಡೀರಿ. ಆಮ್ಯಾಲ ಮಾತಾಡೋಣ."

ಅಮೀರ ಪಾಶಾ ಚರಿಗೆ ಇಸಿದುಕೊಂಡ. ತಣ್ಣಗಿತ್ತು. ಗಂಟಲು ಅಂಟಿಕೊಂಡು ಹೋಗಿತ್ತು. ಒಂದು ಗುಟುಕಿಗೆ ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ತುಟಿಯ ತನಕ ತಂದ. ತುಟಿ ತೆರೆಯಲಿಲ್ಲ. ಇವರಿಗೆ ಪಾಠವಾಗಲಿ ಎಂಬ ಧರ್ಮಬುದ್ಧಿ ಖಂಡಿತ ಅಲ್ಲ. ಜೀವಭಯ, ಬರೀ ಜೀವಭಯ. ಚರಿಗೆಯನ್ನು ನೆಲಕ್ಕಿಟ್ಟು, ಕೈಯನ್ನು ಷೇರ್ವಾನಿಗೆ ಒರೆಸಿ ಒರೆಸಿ ತೆಗೆದ.

ಅಂಬೂಬಾಯಿ ಆ ಒರೆಸುವ ಕೈಯನ್ನೇ ನೋಡಿದಳು. ಆಣೆ ಮಾಡದ ಕೆಲಸವನ್ನು ಅದು ಮಾಡಿತು. ಅವಳ ಮುಖದ ಕನಿಕರ ಇಳಿದು ಹೋಯಿತು.

"ನೀವು ಒಂದ್ ಗುಟುಕ ಕುಡೀಲಾಕ ಒಲ್ರಿ," ಎಂದಳು ಮೆಲ್ಲಗೆ. "ನಾ ಮೂರು ತಿಂಗಳ ಕುಡಿಸೇನಿ. ಅಕಿ ಬ್ಯಾಡ ಅಂದ್ರೂ ಬೈದು ಬೈದು ಕುಡಿಸೇನಿ, ಕೂಸಿಗಿ ಛಲೋ ಅಂತ."

ಬಾಗಿಲಲ್ಲಿ ನಿಂತಿದ್ದ ಶರ್ವರಿಗೆ ಎಲ್ಲವೂ ಕೇಳಿಸಿತ್ತು. ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ಅವಳು ಹಿತ್ತಲಿಗೆ ಓಡಿದಳು. ಗೋಡೆ ಹಿಡಿದು, ಗಂಟಲಿಗೆ ಬೆರಳು ಹಾಕಿಕೊಂಡು ಓಕರಿಸಿದಳು, ಮತ್ತೆ ಹಾಕಿಕೊಂಡಳು, ಮತ್ತೆ ಓಕರಿಸಿದಳು. ಬೆಳಗಿನ ರೊಟ್ಟಿ ಬಂತು. ಮೂರು ತಿಂಗಳ ನೀರು ಎಲ್ಲಿಂದ ಬರಬೇಕು?

ಅಮೀರ ಪಾಶಾ ಕುಳಿತಲ್ಲಿಂದ ಏಳಲಿಲ್ಲ. ಹಿತ್ತಲಿನಿಂದ ಶರ್ವರಿ ಉಸಿರು ಕಟ್ಟಿದ ದನಿಯಲ್ಲಿ, ಬಾಯಿ ತೊಳೆಯಲು ನೀರು ಕೊಡು ಅತ್ತೀ ಎಂದು ಕೂಗಿದಳು. ಅಂಬೂಬಾಯಿ ಗಡಿಬಿಡಿಯಿಂದ ಒಳಗೆ ಹೋಗಿ ಕೊಡ ನೋಡಿದಳು, ಹಂಡೆ ನೋಡಿದಳು, ಹೊರಗೆ ಬಂದು ನಿಂತಳು. ಕೂಗು ಮತ್ತೆ ಬಂತು. ಅವಳು ಬಗ್ಗಿ, ಅವನ ಮುಂದಿದ್ದ ಚರಿಗೆಯನ್ನೇ ಎತ್ತಿಕೊಂಡು ಹಿತ್ತಲಿಗೆ ಹೋದಳು. ಮನೆಯಲ್ಲಿ ಆ ಬಾವಿಯದು ಬಿಟ್ಟರೆ ಬೇರೆ ನೀರಿರಲಿಲ್ಲ.