ಕಚ್ಚಿ ತೋರಿಸಿದ ಉತ್ತರ

ಚನ್ನಪಟ್ಟಣದ ಮಿಸ್ಬಾ ಪಿಯುಸಿ ಜೊತೆಗೆ ‘ಗ್ಲೋಬಲ್ ಅಡ್ವಾನ್ಸ್ಡ್ ಕಾಮರ್ಸ್’ ಎಂಬ ವಿಶೇಷ ಕೋರ್ಸನ್ನೂ ಓದಿ ನೂರಕ್ಕೆ ತೊಂಬತ್ತೆಂಟು ತೆಗೆದಿದ್ದಳು. ಕಾಲೇಜಿನವರು ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿಸಿ, ಅವಳ ಮುಖದ ಕೆಳಗೆ ‘ಜಗತ್ತನ್ನು ಎದುರಿಸಲು ಸಿದ್ಧ’ ಎಂದು ಬರೆಸಿದರು.

ಜಗತ್ತು ಮುಂದಿನ ಬುಧವಾರವೇ ಮನೆಗೆ ಬಂತು.

ಅದರ ಹೆಸರು ಹೆಲ್ಗಾ. ಜರ್ಮನಿಯಲ್ಲಿ ಮಕ್ಕಳ ಸಾಮಾನಿನ ಅಂಗಡಿ ಇಟ್ಟಿದ್ದ ಆಕೆಯನ್ನು ರಾಮನಗರದ ಏಜೆಂಟ್ ಅನಂತರಾಜು, ಮಿಸ್ಬಾಳ ಅಪ್ಪ ಗಫಾರ್ ಬೊಂಬೆ ಕಡೆಯುವ ಶೆಡ್ಡಿಗೆ ಕರೆತಂದಿದ್ದ. ಏಜೆಂಟನ ಇಂಗ್ಲಿಷು ‘ವೆರಿ ಗುಡ್ ಮೇಡಂ’ಗೆ ಮುಗಿದುಹೋಗುತ್ತಿತ್ತು.

“ನೀನೇ ಮಾತಾಡವ್ವ. ಅಷ್ಟೊಂದು ಓದಿದ್ದೀಯ, ಭಯ ಯಾಕೆ?” ಎಂದು ಏಜೆಂಟ್ ಮಿಸ್ಬಾಳನ್ನು ಮುಂದೆ ಬಿಟ್ಟ.

ಹೆಲ್ಗಾ ಕೆಂಪು ಗಿಲಕಿಯೊಂದನ್ನು ಎತ್ತಿಕೊಂಡು, ಮಗು ಇದನ್ನು ಕಚ್ಚಿದರೆ ಬಣ್ಣ ಬಿಡುವುದಿಲ್ಲವೇ ಎಂದು ಕೇಳಿದಳು. ಮಿಸ್ಬಾಗೆ ಹತ್ತು ವರ್ಷದ ಪ್ರಶ್ನೆಪತ್ರಿಕೆ ಬಾಯಿಪಾಠವಿತ್ತು. ಈ ಪ್ರಶ್ನೆ ಯಾವ ವರ್ಷವೂ ಬಂದಿರಲಿಲ್ಲ. ಸುಮ್ಮನಿರಲಾರದೆ ಇಂಗ್ಲಿಷಿನಲ್ಲಿ ಜಾಗತೀಕರಣದ ಐದು ಲಕ್ಷಣಗಳನ್ನು ಶುರುಹಚ್ಚಿಕೊಂಡಳು. ವ್ಯಾಪಾರ ಕುದುರುತ್ತಿದೆ ಎಂದುಕೊಂಡ ಗಫಾರ್ ಒಂದೊಂದು ಲಕ್ಷಣಕ್ಕೂ ತಲೆಯಾಡಿಸಿದ. ಮೂರನೆಯದಕ್ಕೆ ಹೆಲ್ಗಾ ಗಡಿಯಾರ ನೋಡಿಕೊಂಡಳು.

ಮೂಲೆಯಲ್ಲಿ ಬೊಂಬೆಗೆ ಹಚ್ಚುವ ಅರಗಿಗೆ ಬಣ್ಣ ಬೆರೆಸುತ್ತಿದ್ದ ಅಜ್ಜಿ ಶರ್ಫುನ್ನೀಸಾ ಕೇಳಿದಳು, “ಏನಂತಾಳಪ್ಪ ಆಯಮ್ಮ?”

“ಮಗು ಕಚ್ಚಿದ್ರೆ ಬಣ್ಣ ಬಿಡ್ತದಾ ಅಂತ, ದಾದಿ,” ಎಂದಳು ಮಿಸ್ಬಾ.

“ಅಷ್ಟಕ್ಕೆ ಇಷ್ಟೊತ್ತು ಬೇಕಾ? ಕೊಡಿಲ್ಲಿ.”

ಅಜ್ಜಿ ಗಿಲಕಿಯನ್ನು ಬಾಯಿಗಿಟ್ಟು, ಉಳಿದಿದ್ದ ನಾಲ್ಕು ಹಲ್ಲಿನಲ್ಲಿ ಬಲವಾಗಿ ಕಚ್ಚಿದಳು. ಕಟಕ್ಕೆಂದಿತು. ಗಫಾರ್ ಹೌಹಾರಿದ. ಅಜ್ಜಿ ಅಂಗೈಗೆ ಏನನ್ನೋ ಉಗಿದುಕೊಂಡು ಎಲ್ಲರಿಗೂ ತೋರಿಸಿದಳು.

“ನೋಡಿ, ಹಲ್ಲು ಬಂತು. ಬಣ್ಣ ಬರ್ನಿಲ್ಲ. ಒಸಿ ಅಲ್ಲಾಡ್ತಿತ್ತು, ಬುಡಿ.”

ಬೆಚ್ಚಿಬಿದ್ದ ಹೆಲ್ಗಾಗೆ ಮಿಸ್ಬಾ ಅದನ್ನು ಹಾಗೆಯೇ, ಸಲೀಸಾದ ಇಂಗ್ಲಿಷಿನಲ್ಲಿ ಹೇಳಿದಳು. ಹೆಲ್ಗಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿಸಿ, ಬ್ಯಾಗಿನಿಂದ ಹದಿನಾಲ್ಕು ಪುಟದ ಫಾರಂ ತೆಗೆದಳು. ಹಲ್ಲಿನ ಸಾಕ್ಷಿ ಸಂತೋಷ, ಆದರೆ ತನ್ನ ದೇಶದ ಕಾನೂನಿಗೆ ಸಾಲದು ಎಂದಳು.

ಅನಂತರಾಜು ಫಾರಂ ನೋಡಿ “ವೆರಿ ಗುಡ್ ಮೇಡಂ” ಎಂದು ಹಿಂದೆ ಸರಿದ. ಮಿಸ್ಬಾ ಮಾತ್ರ ನೆಲದ ಮೇಲೆ ಕೂತು ಪುಟ ತಿರುವಿದಳು. ಯಾವ ಪರೀಕ್ಷೆ, ಯಾವ ಲ್ಯಾಬಿನ ಸಹಿ, ಎಷ್ಟು ಮಾದರಿ, ಎಲ್ಲವೂ ಅವಳಿಗೆ ಅರ್ಥವಾಯಿತು. ರಫ್ತಿನ ಕಾಗದಪತ್ರಗಳ ಬಗ್ಗೆ ಇದ್ದ ಕೋರ್ಸಿನ ಒಂಬತ್ತನೇ ಪಾಠ ದಂಡವಾಗಿರಲಿಲ್ಲ. ಮಾದರಿಗೆಂದು ಹನ್ನೆರಡು ಗಿಲಕಿ ಕಳಿಸುವುದೆಂದು ಒಪ್ಪಂದವಾಯಿತು.

ಅವರು ಹೋದ ಮೇಲೆ ಕೊನೆಯ ಪುಟದ ಒಂದು ಖಾನೆ ಮಿಸ್ಬಾಳನ್ನು ತಡೆದು ನಿಲ್ಲಿಸಿತು.

“ದಾದಿ, ಅರಗಿಗೆ ಎಷ್ಟು ಗ್ರಾಂ ಬಣ್ಣ ಹಾಕ್ತೀಯ?”

“ಅದು ಕೇಳಿದಷ್ಟು.”

ಮಿಸ್ಬಾ ಪೆನ್ನು ಕೆಳಗಿಟ್ಟು, ತಕ್ಕಡಿ ಹುಡುಕಲು ಎದ್ದಳು.